ಮಳೆಗಾಲದ ದಾರಿಯಲ್ಲಿ ಶ್ರಾವಕನ ಈರ್ಯಾಸಮಿತಿ

ಅಹಿಂಸೆಯು ಪರಮಧರ್ಮವೆಂದು ಒಪ್ಪಿಕೊಂಡವರಿಗೆ ಮೊದಲು ಎದುರಾಗುವ ಪ್ರಶ್ನೆ, ಹೇಗೆ ನಡೆಯಬೇಕು ಎಂಬುದು. ನಮ್ಮ ಆಚಾರ್ಯರು ಸಾಧುಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಈರ್ಯೆಗೆ, ಅಂದರೆ ನಡೆಗೆ, ಮೊದಲ ಸ್ಥಾನವಿದೆ. ಭಾಷೆ, ಏಷಣೆ, ಆದಾನನಿಕ್ಷೇಪಣ, ಉತ್ಸರ್ಗಗಳೆಲ್ಲ ಅದರ ನಂತರ ಬರುತ್ತವೆ. ಮಾತನಾಡದೆ ಒಂದು ದಿನ ಕಳೆಯಬಹುದು, ಉಪವಾಸವಿದ್ದು ಒಂದು ದಿನ ಕಳೆಯಬಹುದು. ಆದರೆ ಹೆಜ್ಜೆಯಿಡದೆ ದಿನ ಕಳೆಯುವುದು ದುಸ್ತರ. ಆ ಹೆಜ್ಜೆಯೂ ಮಳೆಗಾಲದಲ್ಲಿ ಅಪಾಯಕರವೆಂದು ಕಂಡುಕೊಂಡೇ ಶ್ರಮಣ ಸಂಘವು ಆಷಾಢದಿಂದ ಕಾರ್ತಿಕದವರೆಗೆ ಒಂದೆಡೆ ನಿಲ್ಲುವ ಚಾತುರ್ಮಾಸ್ಯದ ನಿಯಮವನ್ನು ಪಾಲಿಸುತ್ತ ಬಂದಿದೆ. ನೆಲವು ಜೀವಿಗಳಿಂದ ತುಂಬಿರುವ ಕಾಲದಲ್ಲಿ ಸಂಚಾರವನ್ನೇ ನಿಲ್ಲಿಸುವುದು ಸಾಧುವಿನ ಪರಿಹಾರ.

ಗೃಹಸ್ಥನಿಗೆ ಈ ಪರಿಹಾರವಿಲ್ಲ. ಮಳೆಗಾಲವೆಂದು ಅಂಗಡಿ, ಕಚೇರಿ, ಶಾಲೆ, ಕಾರ್ಖಾನೆಗಳು ಬಾಗಿಲು ಮುಚ್ಚುವುದಿಲ್ಲ. ಮೂಡುಬಿದಿರೆ, ಕಾರ್ಕಳ, ವೇಣೂರು ಮೊದಲಾದ ನಮ್ಮ ಪ್ರಾಚೀನ ಕ್ಷೇತ್ರಗಳಿರುವ ತುಳುನಾಡಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲೇ. ಇಂದು ಸ್ಕೂಟರು, ಕಾರುಗಳು ಹೆಚ್ಚಿವೆಯಾದರೂ, ಬಸ್ಸು ಹೋಗದ ಒಳದಾರಿಗಳಲ್ಲಿ ಸೈಕಲನ್ನೇ ನೆಚ್ಚಿಕೊಂಡವರು ಇನ್ನೂ ಇದ್ದಾರೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಎರಡೂವರೆ ಕೋಟಿಗೂ ಮಿಕ್ಕ ಜನ ದುಡಿಮೆಯ ಸ್ಥಳಕ್ಕೆ ಸೈಕಲಿನಲ್ಲಿ ಹೋಗಿಬರುತ್ತಿದ್ದರು. ಅಂಗಡಿಯ ಗುಮಾಸ್ತ, ಕಾವಲುಗಾರ, ಬಸದಿಯ ಸೇವಕ ಇಂಥವರಿಗೆ ಚಾತುರ್ಮಾಸ್ಯದ ತಿಂಗಳುಗಳೇ ಅತ್ಯಂತ ಕಷ್ಟದ ಸಂಚಾರದ ತಿಂಗಳುಗಳು. ಅಂಥ ಶ್ರಾವಕನ ಅಹಿಂಸಾಣುವ್ರತದ ಗತಿಯೇನು?

ಪ್ರಶ್ನೆ ಕ್ಷುಲ್ಲಕವೆಂದು ಯಾರೂ ಭಾವಿಸಬಾರದು. ಮಳೆ ಬಿದ್ದ ದಾರಿಯನ್ನು ನೋಡಿದವರಿಗೆ ಅದರ ಗುರುತ್ವ ಗೊತ್ತು. ಎರೆಹುಳು ಚರ್ಮದ ಮೂಲಕ ಉಸಿರಾಡುವ ಜೀವಿ. ಚರ್ಮ ಒದ್ದೆಯಾಗಿರುವಷ್ಟು ಕಾಲ ಮಾತ್ರ ಅದು ನೆಲದ ಮೇಲೆ ಸಂಚರಿಸಬಲ್ಲದು. ಬೇಸಗೆಯಲ್ಲಿ ಅದಕ್ಕೆ ಮುಚ್ಚಿದ್ದ ರಸ್ತೆ ಮಳೆಯಲ್ಲಿ ತೆರೆದುಕೊಳ್ಳುತ್ತದೆ. ಬಸವನಹುಳುವಿಗೂ ಹಾಗೆಯೇ. ಕಪ್ಪೆಗಳು ಮುಸ್ಸಂಜೆಯಲ್ಲಿ ನೀರನ್ನು ಅರಸಿ ರಸ್ತೆ ದಾಟುತ್ತವೆ. ದ್ವೀಂದ್ರಿಯದಿಂದ ಪಂಚೇಂದ್ರಿಯದವರೆಗಿನ ತ್ರಸಜೀವಿಗಳು ಒಂದೇ ಹಾದಿಯಲ್ಲಿ, ಒಂದೇ ಹೊತ್ತಿನಲ್ಲಿ ಕಾಣಸಿಗುವ ಕಾಲವಿದು. ಸ್ಥೂಲವಾದ ಅಹಿಂಸಾಣುವ್ರತ ಹಿಡಿದ ಶ್ರಾವಕನು ರಕ್ಷಿಸುತ್ತೇನೆಂದು ಸಂಕಲ್ಪಿಸಿರುವುದು ಇವುಗಳನ್ನೇ.

ಮೂಲಾಚಾರದಲ್ಲಿ ಈರ್ಯಾಸಮಿತಿಗೆ ನಾಲ್ಕು ಶುದ್ಧಿಗಳನ್ನು ಹೇಳಿದೆ: ಮಾರ್ಗಶುದ್ಧಿ, ಉದ್ಯೋತಶುದ್ಧಿ, ಉಪಯೋಗಶುದ್ಧಿ, ಆಲಂಬನಶುದ್ಧಿ. ಹಾದಿ ಜನ, ದನ, ಬಂಡಿಗಳ ಓಡಾಟದಿಂದ ನಿರ್ಜಂತುಕವಾಗಿರಬೇಕು; ಸೂರ್ಯನ ಬೆಳಕಿರಬೇಕು; ಮನಸ್ಸು ನಡೆಯಲ್ಲೇ ನೆಟ್ಟಿರಬೇಕು; ಹೋಗುವುದಕ್ಕೆ ತಕ್ಕ ಉದ್ದೇಶವಿರಬೇಕು. ಸಾಧುವಿಗೆಂದು ಹೇಳಿದ ಈ ಅಳತೆಯನ್ನು ಮಳೆಯಲ್ಲಿ ಸೈಕಲ್ ತುಳಿಯುವ ಗೃಹಸ್ಥನಿಗೆ ಹಿಡಿದು ನೋಡಿದರೆ ಮೊದಲ ಎರಡು ಅವನ ಕೈಯಲ್ಲಿಲ್ಲವೆಂಬುದು ತಿಳಿಯುತ್ತದೆ. ಬೇಸಗೆಯಲ್ಲಿ ತುಳಿದು ಸವೆದ ರಸ್ತೆಯೇ ಮಳೆಯಲ್ಲಿ ಜೀವಮಯವಾಗುತ್ತದೆ. ಮೋಡ ಕವಿದಾಗ ಹಗಲೇ ಇರುಳಾಗುತ್ತದೆ. ನಾಲ್ಕನೆಯದಾದ ಉದ್ದೇಶವು ಜೀವನೋಪಾಯವಾದ್ದರಿಂದ ಗೃಹಸ್ಥನ ಮಟ್ಟಿಗೆ ಶುದ್ಧವೇ. ಹೀಗಾಗಿ ಭಾರವೆಲ್ಲ ಮೂರನೆಯದಾದ ಉಪಯೋಗಶುದ್ಧಿಯ ಮೇಲೆ, ಎಚ್ಚರದ ಮೇಲೆ, ಬೀಳುತ್ತದೆ.

ಎಚ್ಚರಕ್ಕೂ ವೇಗಕ್ಕೂ ಇರುವ ಸಂಬಂಧವನ್ನು ಲೆಕ್ಕದಿಂದಲೇ ತಿಳಿಯಬಹುದು. ಸಾಧುವು ಮುಂದಿನ ನಾಲ್ಕು ಮೊಳ ನೆಲವನ್ನು, ಅಂದರೆ ಸುಮಾರು 6 ಅಡಿಯನ್ನು, ನೋಡಿಕೊಂಡು ನಡೆಯುತ್ತಾನೆ. ಗಂಟೆಗೆ 4 ಕಿಲೋಮೀಟರ್ ನಡಿಗೆಯಲ್ಲಿ ಆ 6 ಅಡಿ ದಾಟಲು ಒಂದೂವರೆ ಸೆಕೆಂಡಿಗಿಂತ ಹೆಚ್ಚು ಕಾಲ ಬೇಕು. ಕಂಡದ್ದನ್ನು ಅರಿತು ಕಾಲನ್ನು ಬೇರೆಡೆ ಇಡಲು ಅಷ್ಟು ಸಾಕು. ಗಂಟೆಗೆ 15 ಕಿಲೋಮೀಟರ್ ವೇಗದ ಸೈಕಲ್ ಅದೇ 6 ಅಡಿಯನ್ನು ಅರ್ಧ ಸೆಕೆಂಡಿನೊಳಗೆ ದಾಟುತ್ತದೆ. ಅದರ ಮೇಲೆ ಚಕ್ರದ ರಿಮ್ಮನ್ನು ಒತ್ತಿ ಹಿಡಿಯುವ ಬ್ರೇಕು ಒದ್ದೆಯಾದಾಗ ಜಾರುತ್ತದೆ. ನಿಲ್ಲಿಸಬೇಕೆಂದಲ್ಲಿ ಸೈಕಲ್ ನಿಲ್ಲುವುದಿಲ್ಲ. ಆದುದರಿಂದ ವೇಗ ಹೆಚ್ಚಿದಂತೆ ದೃಷ್ಟಿಯ ಮೊಳಗಳೂ ಹೆಚ್ಚಬೇಕು; ಅವು ಹೆಚ್ಚಲಾರದ ಮಬ್ಬಿನಲ್ಲಿ ವೇಗವೇ ತಗ್ಗಬೇಕು.

ಹಾಗಾದರೆ ಕಾರಿನಲ್ಲಿ ಹೋಗುವವನು ಈ ದೋಷದಿಂದ ಪಾರಾದನೇ? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಆ ನಾಲ್ಕು ಮೊಳ ಕಳೆಯುವುದಕ್ಕೆ ಒಂದು ಸೆಕೆಂಡಿನ ಒಂಬತ್ತನೆಯ ಒಂದು ಭಾಗ ಸಾಕು. ಸಾಮಾನ್ಯ ಸೈಕಲಿನ ಚಕ್ರ ತುಳಿಯುವ ಪಟ್ಟಿ ಹೆಚ್ಚೆಂದರೆ ಒಂದೂವರೆ ಅಂಗುಲ. ಕಾರಿನದು ಅದರ ಹಲವು ಪಟ್ಟು, ಅದೂ ಎರಡು ಸಾಲು. ಗಾಜಿನ ಒಳಗೆ ಕುಳಿತವನಿಗೆ ಎರೆಹುಳು ಕಾಣುವುದೇ ಇಲ್ಲ. ಸೈಕಲಿನವನಿಗೆ ಕಾಣುತ್ತದೆ, ಕಂಡು ನೋವಾಗುತ್ತದೆ. ಕಾಣದಿರುವುದನ್ನು ನಿರ್ದೋಷವೆಂದೂ, ಕಂಡು ಮರುಗುವುದನ್ನು ದೋಷವೆಂದೂ ತಿಳಿಯುವುದು ವಿಪರೀತ ಬುದ್ಧಿ. ನೆಲವನ್ನು ಕಾಣುವಷ್ಟು ಮಂದಗತಿಯ ವಾಹನವನ್ನು ಬಳಸುವವನು ಶಾಸ್ತ್ರದ ಆಶಯಕ್ಕೆ ಹೆಚ್ಚು ಹತ್ತಿರದಲ್ಲಿದ್ದಾನೆ.

ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣಘಾತಕ್ಕೆ ಪ್ರಮಾದದ ಯೋಗವನ್ನು ಕಾರಣವಾಗಿ ಹೇಳಿದ್ದಾರೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇದನ್ನೇ ಸ್ಪಷ್ಟಪಡಿಸುತ್ತಾರೆ: ಜೀವಿ ಸಾಯಲಿ, ಬದುಕಲಿ, ಅಯತ್ನಾಚಾರಿಗೆ ಹಿಂಸೆ ನಿಶ್ಚಿತ, ಸಮಿತಿಯಲ್ಲಿ ಎಚ್ಚರವಿರುವವನಿಗೆ ಬರಿಯ ಘಾತದಿಂದ ಬಂಧವಿಲ್ಲ. ಈ ಮಾತನ್ನು ಕೆಲವರು ಸಮಾಧಾನವೆಂದು ಕೇಳುತ್ತಾರೆ. ಅದು ಕಠೋರವಾದ ಮಾತು ಎಂಬುದನ್ನು ಮರೆಯುತ್ತಾರೆ. ಆತುರದಿಂದ ತುಳಿದವನ ಚಕ್ರದಡಿ ಅಂದು ಒಂದೂ ಜೀವಿ ಸಿಗದಿದ್ದರೂ ಅವನು ಹಿಂಸಕನೇ ಎಂಬುದು ಅದರ ಅರ್ಥ. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಅನಿವಾರ್ಯವೆಂಬುದು ನಿಜ. ಆದರೆ ಅನಿವಾರ್ಯವೆಂಬ ಹೆಸರಿನಲ್ಲಿ ಆತುರವನ್ನು ಸೇರಿಸಿಕೊಳ್ಳಲು ಅಲ್ಲಿ ಅವಕಾಶವಿಲ್ಲ.

ಇಲ್ಲಿ ಜೈನನಿಗೆ ಮಾತ್ರ ಎದುರಾಗುವ ಒಂದು ಧರ್ಮಸಂಕಟವನ್ನು ಪರಿಶೀಲಿಸಬೇಕು. ರಾತ್ರಿಭೋಜನ ತ್ಯಾಗ ಮಾಡಿದ ಒಬ್ಬ ಗುಮಾಸ್ತನನ್ನು ಕಲ್ಪಿಸಿಕೊಳ್ಳೋಣ. ಅವನ ಮನೆ 8 ಕಿಲೋಮೀಟರ್ ದೂರ. ಕೆಲಸ ಬಿಡುವುದು ಸಂಜೆ 5.30ಕ್ಕೆ. ಜುಲೈ ಮೊದಲ ವಾರದಲ್ಲಿ ಕರಾವಳಿಯಲ್ಲಿ ಸೂರ್ಯಾಸ್ತ ಸುಮಾರು 7 ಗಂಟೆಗೆ. ಎರಡು ಘಳಿಗೆ, ಅಂದರೆ 48 ನಿಮಿಷ ಮುಂಚೆ ಊಟ ಮುಗಿಯಬೇಕೆಂಬ ನಿಯಮವಿದ್ದರೆ 6.12ರೊಳಗೆ ಅವನ ಊಟವಾಗಿರಬೇಕು. ಗಾಳಿಮಳೆಯಲ್ಲಿ ಗಂಟೆಗೆ 10 ಕಿಲೋಮೀಟರಿನಂತೆ ಎಚ್ಚರದಿಂದ ಬಂದರೆ ಮನೆ ಸೇರುವುದೇ 6.18ಕ್ಕೆ. ಒಣ ರಸ್ತೆಯ ವೇಗವನ್ನೇ ಹಿಡಿದು 15ರಂತೆ ತುಳಿದರೆ 6.02ಕ್ಕೆ ತಲುಪಿ ಅವಸರದಲ್ಲಿ ಉಣ್ಣಬಹುದು. ಸೆಪ್ಟೆಂಬರ್ ಕೊನೆಗೆ ಸೂರ್ಯಾಸ್ತವೇ ಆರೂವರೆಯ ಒಳಗಾಗುವುದರಿಂದ ಯಾವ ವೇಗದಲ್ಲೂ ಇದು ಸಾಗದು. ಸೂಕ್ಷ್ಮಜೀವಿಗಳ ರಕ್ಷಣೆಗೆಂದು ಹಿಡಿದ ವ್ರತವನ್ನು ಉಳಿಸಿಕೊಳ್ಳಲು, ಕಪ್ಪೆಗಳು ದಾರಿಗಿಳಿಯುವ ಮುಸ್ಸಂಜೆಯಲ್ಲಿ ಅವನು ಕಣ್ಣುಮುಚ್ಚಿ ತುಳಿಯುತ್ತಾನೆ. ಒಂದು ವ್ರತ ಇನ್ನೊಂದು ವ್ರತವನ್ನು ತುಳಿದುಕೊಂಡು ಹೋಗುತ್ತದೆ.

ಯಾವ ವ್ರತ ದೊಡ್ಡದು ಎಂದು ಇಲ್ಲಿ ಕೇಳುವವರಿದ್ದಾರೆ. ಆ ಪ್ರಶ್ನೆಯೇ ದಾರಿ ತಪ್ಪಿದ್ದು. ಎರಡು ವ್ರತಗಳೂ ಒಂದೇ ಅಹಿಂಸೆಯ ಶಾಖೆಗಳು. ಅವು ತಾವಾಗಿ ಕಲಹಕ್ಕಿಳಿಯುವುದಿಲ್ಲ. ಅವುಗಳ ನಡುವೆ ಗಡಿಯಾರ ಬಂದು ನಿಂತಾಗ ಮಾತ್ರ ಕಲಹ ಹುಟ್ಟುತ್ತದೆ. ಆದುದರಿಂದ ಪರಿಹಾರವೂ ವ್ರತಗಳಲ್ಲಿ ಒಂದನ್ನು ಬಿಡುವುದರಲ್ಲಿಲ್ಲ, ಆತುರದ ಕಾರಣವನ್ನು ತೆಗೆಯುವುದರಲ್ಲಿದೆ. ಬುತ್ತಿ ಕಟ್ಟಿಕೊಂಡು ಹೋಗಿ ಕೆಲಸದ ಸ್ಥಳದಲ್ಲೇ ಐದು ಗಂಟೆಗೆ ಉಂಡು, ನೀರು ಕುಡಿದು, ನಿಶ್ಚಿಂತನಾಗಿ ಹೊರಟವನಿಗೆ ದಾರಿಯಲ್ಲಿ ಅವಸರವಿಲ್ಲ. ದೀಪ, ಬ್ರೇಕುಗಳನ್ನು ಆಷಾಢಕ್ಕೆ ಮೊದಲೇ ಸರಿಪಡಿಸಿಕೊಳ್ಳುವುದು, ಒಂದು ಕೈಯಲ್ಲಿ ಕೊಡೆ ಹಿಡಿಯದೆ ಮಳೆಯಂಗಿ ತೊಡುವುದು, ಗದ್ದೆಬಯಲಿನ ನಡುವಣ ದಾರಿಯಲ್ಲಿ ಇಳಿದು ಸೈಕಲನ್ನು ತಳ್ಳಿಕೊಂಡು ಹೋಗುವುದು, ಈ ನಾಲ್ಕು ತಿಂಗಳು ಅನಾವಶ್ಯಕ ತಿರುಗಾಟವನ್ನು ಬಿಡುವುದು ಇವೆಲ್ಲ ಅವನಿಗೆ ಸಾಧ್ಯವಾದ ಯತ್ನಾಚಾರ. ದೇಶವ್ರತವೆಂಬ ಗುಣವ್ರತವು ಇರುವುದು ಇಂಥದಕ್ಕೇ.

ಆದರೆ ಐದು ಗಂಟೆಗೆ ಉಣ್ಣಲು ಅವನಿಗೆ ಹತ್ತು ನಿಮಿಷದ ಬಿಡುವು ಕೊಡುವವರು ಯಾರು? ಬೆಳಿಗ್ಗೆ ಐದು ನಿಮಿಷ ತಡವಾದರೆ ಗದರುವವರು ಯಾರು? ಈ ಲೇಖನದ ಮುಖ್ಯ ವಿಚಾರ ಇಲ್ಲಿದೆ. ಕರ್ಮಾಸ್ರವದ ವಿಚಾರದಲ್ಲಿ ತತ್ತ್ವಾರ್ಥಸೂತ್ರವು ಜೀವಾಧಿಕರಣವನ್ನು 108 ಬಗೆಯಾಗಿ ಎಣಿಸುತ್ತದೆ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು, ಮನ, ವಚನ, ಕಾಯಗಳೆಂಬ ಮೂರು, ಕೃತ, ಕಾರಿತ, ಅನುಮತಗಳೆಂಬ ಮೂರು, ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108. ಇವುಗಳಲ್ಲಿ ತಾನು ಮಾಡುವುದು 36 ಮಾತ್ರ. ಉಳಿದ 72 ಮಾಡಿಸುವುದಕ್ಕೂ ಒಪ್ಪುವುದಕ್ಕೂ ಸೇರಿವೆ. ಜಪಮಾಲೆಯ ಮಣಿಗಳನ್ನು ಸರಿಸುವಾಗ ಈ ಲೆಕ್ಕ ನೆನಪಿರಲಿ. ಮೂರರಲ್ಲಿ ಎರಡು ಪಾಲು ಬಾಗಿಲುಗಳು ಕಾಲಿಗೆ ಕೆಸರು ತಾಗದವನ ಮನೆಯಲ್ಲೇ ತೆರೆದಿವೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂಬ ಅನರ್ಥದಂಡವನ್ನು ವಿವರಿಸುವಾಗ ನಿಷ್ಫಲವಾಗಿ ತಾನು ತಿರುಗುವುದರ ಜೊತೆಗೆ ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಒಬ್ಬನು ಮಾಡಿದ ಹಿಂಸೆಯ ಫಲಕ್ಕೆ ಅನೇಕರು ಭಾಗಿಗಳಾಗಬಹುದು, ಅನೇಕರು ಮಾಡಿದ ಹಿಂಸೆಯ ಫಲ ಒಬ್ಬನಿಗೇ ಬರಬಹುದು ಎಂದು ಎಚ್ಚರಿಸಿದ್ದಾರೆ. ಫೋನಿನಲ್ಲಿ ಹೇಳಿ ಮುಗಿಸಬಹುದಾದ ಮಾತಿಗೆ ಸೇವಕನನ್ನು ಸುರಿಯುವ ಮಳೆಯಲ್ಲಿ ಎರಡು ಬಾರಿ ಕರೆಸಿಕೊಳ್ಳುವ ಯಜಮಾನನಿಗೆ ಈ ಮಾತುಗಳು ನೇರವಾಗಿ ಅನ್ವಯಿಸುತ್ತವೆ. ಚಕ್ರ ಸೇವಕನದು; ವೇಗ ಯಜಮಾನನದು.

ಬಸದಿಗಳ ಆಡಳಿತ ಮೊಕ್ತೇಸರರೂ ಟ್ರಸ್ಟಿನ ಸದಸ್ಯರೂ ಇದನ್ನು ವಿಶೇಷವಾಗಿ ಗಮನಿಸಬೇಕು. ದಶಲಕ್ಷಣ ಪರ್ವವು ಭಾದ್ರಪದದ ಮಳೆಯಲ್ಲೇ ಬರುತ್ತದೆ. ಬೆಳಗಿನ ಅಭಿಷೇಕಕ್ಕೆ ಮೊದಲು ಬಾಗಿಲು ತೆರೆದು ಅಂಗಳ ಗುಡಿಸಬೇಕಾದ ಸೇವಕನು ಕತ್ತಲಿರುವಾಗಲೇ ಮನೆ ಬಿಡಬೇಕಾಗುತ್ತದೆ. ಒಳಗೆ ಉತ್ತಮಕ್ಷಮೆಯ ಪ್ರವಚನ ನಡೆಯಲೆಂದು ಹೊರಗೆ ಅವನ ಚಕ್ರದಡಿ ಎಷ್ಟು ಜೀವಿಗಳು ಅಳಿದವೆಂದು ಕೇಳುವವರಿಲ್ಲ. ಅವನೇ ಜಾರಿ ಬಿದ್ದರೆ ಆ ಪಂಚೇಂದ್ರಿಯ ಜೀವಿಯ ಹೊಣೆ ಯಾರದು?

ರಾಜಗೃಹದ ಕಪ್ಪೆಯ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ವರ್ಧಮಾನ ಸ್ವಾಮಿಯ ಪೂಜೆಗೆಂದು ಬಾಯಲ್ಲಿ ಹೂವು ಹಿಡಿದು ಹೊರಟ ಕಪ್ಪೆ, ಶ್ರೇಣಿಕ ಮಹಾರಾಜನ ಆನೆಯ ಕಾಲಡಿಗೆ ಸಿಕ್ಕಿ ಸತ್ತು ದೇವನಾಗಿ ಹುಟ್ಟಿತು. ಪೂಜಾಭಾವದ ಮಹಿಮೆಗೆ ಇದನ್ನು ಉದಾಹರಿಸುತ್ತೇವೆ, ಅದು ಯುಕ್ತವೇ. ಆದರೆ ಕಥೆಯಲ್ಲಿ ಆನೆಯೂ ಇದೆ. ಅದು ಬೇಟೆಗೆ ಹೊರಟ ಆನೆಯಲ್ಲ, ಯುದ್ಧಕ್ಕೆ ಹೊರಟದ್ದೂ ಅಲ್ಲ. ಭಗವಂತನ ದರ್ಶನಕ್ಕೆ ಹೊರಟದ್ದು. ಪುಣ್ಯದ ಉದ್ದೇಶವಿದ್ದರೂ ಕಾಲಡಿಯ ಜೀವಿ ಉಳಿಯಲಿಲ್ಲ. ಕಪ್ಪೆಗೆ ಸದ್ಗತಿಯಾದದ್ದು ಅದರ ಭಾವದಿಂದ, ಆನೆಯ ಕಾಲಿನಿಂದಲ್ಲ. ಧರ್ಮಕಾರ್ಯದ ಹೆಸರು ಈರ್ಯಾಸಮಿತಿಗೆ ವಿನಾಯಿತಿ ಕೊಡುವುದಿಲ್ಲವೆಂಬ ಪಾಠವನ್ನೂ ನಾವು ಆ ಕಥೆಯಿಂದ ಪಡೆಯಬಾರದೇಕೆ?

ಸಮಯಕ್ಕೆ ಬೆಲೆಯಿಲ್ಲದಿದ್ದರೆ ಶಿಸ್ತು ಕೆಡುತ್ತದೆಂಬ ಆಕ್ಷೇಪಣೆ ಬರಬಹುದು. ಶಿಸ್ತು ಬೇಕು. ಆದರೆ ಮಳೆಗಾಲಕ್ಕೆ ತಕ್ಕ ವೇಳಾಪಟ್ಟಿಯೂ ಶಿಸ್ತೇ. ಚಾತುರ್ಮಾಸ್ಯವೆಂದರೆ ಋತುವಿಗೆ ತಕ್ಕಂತೆ ನಿಯಮ ಬದಲಿಸಿದ ಶಿಸ್ತಲ್ಲದೆ ಮತ್ತೇನು? ಆಷಾಢದಿಂದ ಕಾರ್ತಿಕದವರೆಗೆ ಕೆಲಸದ ಆರಂಭವನ್ನು ಅರ್ಧ ಗಂಟೆ ಮುಂದೆ ಹಾಕುವುದು, ಸಂಜೆ ಉಣ್ಣಲು ಬಿಡುವೂ ಒಂದು ಸ್ವಚ್ಛ ಸ್ಥಳವೂ ಕೊಡುವುದು, ಬಸದಿಯ ಬಳಿ ಸೇವಕನು ತಂಗಲು ಕೋಣೆ ಒದಗಿಸುವುದು, ದೂರದಿಂದ ಬರುವವನಿಗೆ ಒಳ್ಳೆಯ ದೀಪವನ್ನೂ ಮಳೆಯಂಗಿಯನ್ನೂ ಕೊಡಿಸುವುದು ಯಾವ ಟ್ರಸ್ಟಿಗೂ ಮೀರಿದ ಖರ್ಚಲ್ಲ. ಜೀವದಯೆಗೆಂದು ದಾನ ಬರೆಸುವ ಶ್ರೀಮಂತರು ಇದನ್ನೂ ಜೀವದಯೆಯೆಂದೇ ಭಾವಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒದ್ದೆ ಹಾದಿಯಲ್ಲಿ ಚಕ್ರದಡಿ ಜೀವಿಗಳು ಸಿಗುತ್ತವೆ. ಗೃಹಸ್ಥಧರ್ಮದ ಮಿತಿಯದು. ಅದಕ್ಕಾಗಿ ಆಲೋಚನೆ, ಪ್ರತಿಕ್ರಮಣಗಳಿವೆ. ಆದರೆ ಇಂದು ಸಂಜೆಯ ಪ್ರತಿಕ್ರಮಣದಲ್ಲಿ ಸೈಕಲ್ ತುಳಿದವನು ಮಾತ್ರ ತನ್ನ ದೋಷವನ್ನು ನೆನೆದು ಮರುಗಿದರೆ ಸಾಲದು. ಅವನಿಗೆ ಹೊತ್ತು ಗೊತ್ತುಮಾಡಿದವರೂ ತಮ್ಮ ಪಾಲಿನ 72ನ್ನು ಎಣಿಸಿಕೊಳ್ಳಬೇಕು. ಎಣಿಸಿಕೊಂಡು, ಮರುದಿನದ ಹೊತ್ತನ್ನು ಸ್ವಲ್ಪ ಸಡಿಲಿಸಬೇಕು.