ಒಳ್ಳೆ ಮನಸ್ಸು ಇದ್ದರೆ ಸಾಕಾ?

ಮನುಷ್ಯನಿಗೆ ಒಳ್ಳೆ ಮನಸ್ಸೊಂದು ಇದ್ದರೆ ಸಾಕು, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು. ಕೇಳಲಿಕ್ಕೆ ಚೆಂದದ ಮಾತು. ಆದರೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರ ವಿಷಯದಲ್ಲಿ ಈ ಮಾತು ನಿಲ್ಲುವುದಿಲ್ಲ ಎಂದು ನನಗೆ ಕಾಣುತ್ತದೆ. ಯಾಕೆ ಹಾಗೆ ಎಂದು ನನಗೆ ತಿಳಿದ ಹಾಗೆ ಬರೆಯುತ್ತೇನೆ. ನಾನು ಕಲಿತದ್ದು ಏಳನೆಯ ಕ್ಲಾಸು. ಮಾಷ್ಟ್ರುಗಳು ಓದುವಾಗ ತಪ್ಪು ಕಂಡರೆ ತಿದ್ದಿಕೊಳ್ಳಿ.

ಮೀಯಪದವಿನಿಂದ ಮಜಿಬೈಲಿನವರೆಗೆ ನಡೆದರೆ ಕಣ್ಣಿಗೆ ಕಾಣುವುದೆಲ್ಲ ಅಡಿಕೆ ತೋಟವೇ. ಮರ ನಲವತ್ತು ಐವತ್ತು ಅಡಿ ಹೋಗುತ್ತದೆ. ಕೊಯ್ಲಿಗೆ ಹತ್ತಬೇಕು, ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ಮದ್ದು ಬಿಡಲಿಕ್ಕೂ ಹತ್ತಬೇಕು. ಮದ್ದು ಬಿಡುವುದು ಮಳೆಗಾಲದಲ್ಲಿ. ಮರದ ಮೈಯಲ್ಲಿ ಪಾಚಿ, ಕಾಲಿನಲ್ಲಿ ಒದ್ದೆ ತಳೆ. ಒಳ್ಳೆ ಅಭ್ಯಾಸದವನು ಕೆಳಗೆ ಇಳಿಯುವುದೇ ಇಲ್ಲ, ಒಂದು ಮರವನ್ನು ಬಗ್ಗಿಸಿ ಇನ್ನೊಂದಕ್ಕೆ ದಾಟುತ್ತಾನೆ. ನೋಡುವವರಿಗೆ ಅದೊಂದು ಆಟದ ಹಾಗೆ ಕಾಣುತ್ತದೆ. ಈಗ ಕಾರ್ಬನ್ ಫೈಬರಿನ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಕೆಲಸ ಮಾಡುವವರು ಜಾಸ್ತಿಯಾಗಿದ್ದಾರೆ, ಅದು ದೊಡ್ಡ ಉಪಕಾರ. ಆದರೂ ಬೀಳುವುದು ನಿಂತಿಲ್ಲ.

ಒಬ್ಬ ಬಿದ್ದ ಎಂದು ಕೂಗು ಕೇಳಿದರೆ ಆಚೆ ಈಚೆ ಮನೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ಜಾತಿ ಕೇಳುವುದಿಲ್ಲ, ಪಕ್ಷ ಕೇಳುವುದಿಲ್ಲ. ನಮ್ಮ ಊರಿನ ಬಗ್ಗೆ ನನಗೆ ಹೆಮ್ಮೆ ಇರುವುದು ಇದೇ ಕಾರಣಕ್ಕೆ. ಓಡಿ ಬಂದವರಲ್ಲಿ ಒಬ್ಬ ಕಂಕುಳಿಗೆ ಕೈ ಹಾಕುತ್ತಾನೆ, ಇನ್ನೊಬ್ಬ ಕಾಲು ಹಿಡಿಯುತ್ತಾನೆ. ಸೊಂಟ ನಡುವಿನಲ್ಲಿ ಜೋಲುತ್ತದೆ. ಒಬ್ಬಳು ಬಾಯಿಗೆ ನೀರು ಬಿಡುತ್ತಾಳೆ. ರಿಕ್ಷಾದ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿ ಹೊಂಡದ ರಸ್ತೆಯಲ್ಲಿ ಹಾರಿಸಿಕೊಂಡು ಹೋಗುತ್ತಾರೆ. ಅವರಲ್ಲಿ ಒಬ್ಬನ ಮನಸ್ಸೂ ಕೆಟ್ಟದಲ್ಲ. ಕಣ್ಣಲ್ಲಿ ನೀರೂ ಇರುತ್ತದೆ. ಆದರೆ ಬಿದ್ದಾಗ ಮುರಿದದ್ದು ಮೂಳೆ ಮಾತ್ರ ಆಗಿರಬಹುದು. ಎತ್ತುವಾಗ ಒಳಗಿನ ಹುರಿಯೂ ಹೋಗಬಹುದು.

ಬೆನ್ನಿನಲ್ಲಿ ಒಟ್ಟು 33 ಎಲುಬಿನ ತುಂಡುಗಳು: ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಅದರಿಂದ ಕೆಳಗಿನವು ಬೆಳೆಯುತ್ತಾ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇವುಗಳ ನಡುವಿನ ಕೊಳವೆಯಲ್ಲಿ ಮೆದುಳಿನಿಂದ ಸೊಂಟದ ಮೇಲಿನ ಭಾಗದವರೆಗೆ ಕಿರುಬೆರಳಿನಷ್ಟು ದಪ್ಪದ ಒಂದು ಹುರಿ ಇಳಿದು ಬರುತ್ತದೆ. ಕಾಲು ಎತ್ತು ಎಂಬ ಅಪ್ಪಣೆ ಕೆಳಗೆ ಹೋಗುವುದೂ, ಮುಳ್ಳು ಚುಚ್ಚಿತು ಎಂಬ ಸುದ್ದಿ ಮೇಲೆ ಬರುವುದೂ ಅದರಲ್ಲೇ. ಕೆರೆಯ ಪಂಪಿಗೆ ಹೋಗುವ ಕೇಬಲ್ ಇದ್ದ ಹಾಗೆ. ಆದರೆ ಕೇಬಲ್ ತುಂಡಾದರೆ ಜೋಡಿಸಬಹುದು, ಇದನ್ನು ಜೋಡಿಸುವ ವಿದ್ಯೆ ಲೋಕದಲ್ಲಿ ಇನ್ನೂ ಯಾರಿಗೂ ಕೈವಶವಾಗಿಲ್ಲ. ಆಪರೇಷನ್ ಮಾಡುವುದು ಮೂಳೆಯನ್ನು ನೆಟ್ಟಗೆ ನಿಲ್ಲಿಸಲಿಕ್ಕೆ, ಹುರಿಯ ಮೇಲಿನ ಒತ್ತಡ ತೆಗೆಯಲಿಕ್ಕೆ.

ಹಾಗಾದರೆ ಎತ್ತಿದವರಿಗೆ ಪಾಪ ಉಂಟಾ? ಇಲ್ಲ ಎಂದೇ ನನ್ನ ಅಭಿಪ್ರಾಯ. ಗೊತ್ತಿಲ್ಲದ್ದಕ್ಕೆ ಪಾಪ ಹೊರಿಸಿದರೆ ನಾಳೆಯಿಂದ ಯಾರೂ ಓಡಿ ಬರುವುದಿಲ್ಲ. ಆದರೆ ಕಲಿಯಬಹುದಾದದ್ದನ್ನು ಕಲಿಯದೆ, ನನಗೆ ಒಳ್ಳೆ ಮನಸ್ಸು ಉಂಟಲ್ಲ ಎಂದು ಕೂತರೆ? ಆಗ ಆ ಒಳ್ಳೆ ಮನಸ್ಸು ನಮ್ಮ ಸಮಾಧಾನಕ್ಕೆ ಇರುವುದು, ಬಿದ್ದವನಿಗೆ ಅಲ್ಲ. ದೈವದ ಭಂಡಾರ ಹೊರಡುವಾಗ ಯಾರು ಮುಂದೆ, ಯಾರು ಹಿಂದೆ, ಯಾರು ಏನನ್ನು ಹಿಡಿಯಬೇಕು ಎಂಬ ಕಟ್ಟುಕಟ್ಟಳೆ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತುಂಟು. ಮನುಷ್ಯನನ್ನು ಎತ್ತುವುದಕ್ಕೆ ಒಂದು ಕಟ್ಟಳೆ ಇಲ್ಲ. ಕಟ್ಟಳೆ ಕಷ್ಟದ್ದೇನೂ ಅಲ್ಲ. ಬಿದ್ದವನನ್ನು ಕೂರಿಸಬಾರದು, ಮಡಚಬಾರದು. ಒಬ್ಬ ತಲೆ ಕುತ್ತಿಗೆಯನ್ನು ಅಲ್ಲಾಡದ ಹಾಗೆ ಹಿಡಿದುಕೊಳ್ಳಬೇಕು. ನಾಲ್ಕು ಜನ ಒಟ್ಟಿಗೆ, ಮರದ ದಿಮ್ಮಿ ಹೊರಳಿಸಿದ ಹಾಗೆ ಹೊರಳಿಸಿ ಒಂದು ಹಲಗೆ ಅಡಿಗೆ ಕೊಡಬೇಕು. ಹಲಗೆ ಇಲ್ಲದಿದ್ದರೆ ಬಾಗಿಲು ಕಳಚಿದರೂ ಆದೀತು. ನೀರು ಕುಡಿಸಬಾರದು. 108ಕ್ಕೆ ಫೋನ್ ಮಾಡಿ ಕಾಯಬೇಕು. ಈ ಕಾಯುವುದು ಉಂಟಲ್ಲ, ಒಳ್ಳೆ ಮನಸ್ಸಿನವರಿಗೆ ಅದೇ ಕಷ್ಟ. ಏನಾದರೂ ಮಾಡಬೇಕು ಎಂದು ಕೈ ತುರಿಸುತ್ತದೆ.

ಇದು ಮೊದಲ ಒಂದು ಗಂಟೆಯ ಮಾತು. ನಿಜವಾದ ಪ್ರಶ್ನೆ ಶುರುವಾಗುವುದು ಅವನು ಬದುಕಿ ಮನೆಗೆ ಬಂದ ಮೇಲೆ.

ಈಜಿಪ್ಟಿನಲ್ಲಿ ಸಾವಿರಾರು ವರ್ಷ ಹಿಂದೆ ಒಬ್ಬ ವೈದ್ಯ ಬರೆದಿಟ್ಟ ಓಲೆ ಸಿಕ್ಕಿದೆಯಂತೆ. ಅದರಲ್ಲಿ ಕುತ್ತಿಗೆ ಮೂಳೆ ಜಾರಿ ಕೈಕಾಲಿನ ಸ್ಪರ್ಶ ಹೋದವನ ವಿಷಯ ಉಂಟು, ಇದು ಚಿಕಿತ್ಸೆ ಮಾಡತಕ್ಕ ಕಾಯಿಲೆ ಅಲ್ಲ ಎಂದು ತೀರ್ಪೂ ಉಂಟು. ನಮ್ಮ ಮಾಷ್ಟ್ರು ಒಬ್ಬರು ಇದನ್ನು ಹೇಳಿದಾಗ ಆ ವೈದ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸುಳ್ಳು ಹೇಳಿ ದುಡ್ಡು ತೆಗೆದುಕೊಳ್ಳಲಿಲ್ಲವಲ್ಲ. ಆ ತೀರ್ಪು ಮೊನ್ನೆ ಮೊನ್ನೆಯವರೆಗೂ ನಡೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಬೆನ್ನಿಗೆ ಗುಂಡು ಬಿದ್ದ ಸಿಪಾಯಿಗಳಲ್ಲಿ ಹೆಚ್ಚಿನವರು ಸ್ವಲ್ಪ ಕಾಲದಲ್ಲೇ ತೀರಿಹೋದರು. ಅವರನ್ನು ಕೊಂದದ್ದು ಗುಂಡಲ್ಲ, ಬೆನ್ನಿನ ಹುಣ್ಣು ಮತ್ತು ಮೂತ್ರದ ನಂಜು.

ಅದನ್ನು ಬದಲಿಸಿದವರಲ್ಲಿ ದೊಡ್ಡ ಹೆಸರು ಲುಡ್ವಿಗ್ ಗುಟ್‌ಮನ್. ಜರ್ಮನಿಯ ಯಹೂದಿ ವೈದ್ಯ, ಹಿಟ್ಲರನ ಕಾಟಕ್ಕೆ 1939ರಲ್ಲಿ ಇಂಗ್ಲೆಂಡಿಗೆ ಓಡಿ ಬಂದವರು. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಬೆನ್ನುಹುರಿಯ ರೋಗಿಗಳಿಗೇ ಒಂದು ವಿಭಾಗ ತೆರೆದರು. ಅವರ ಹತ್ತಿರ ಹೊಸ ಮದ್ದು ಏನಿತ್ತು? ದೊಡ್ಡದೇನೂ ಇರಲಿಲ್ಲ. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು, ಹಗಲೂ ರಾತ್ರಿಯೂ, ಒಂದು ಸಲವೂ ತಪ್ಪದೆ. ಮೂತ್ರವನ್ನು ಶುಚಿಯಾಗಿ ಹೊತ್ತುಹೊತ್ತಿಗೆ ತೆಗೆಯಬೇಕು. ಮತ್ತೆ ಮಲಗಿದವನನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಬೇಕು, ಆಟಕ್ಕೆ ಹಚ್ಚಬೇಕು. 1948ರ ಜುಲೈ 29ಕ್ಕೆ ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ ಅಲ್ಲಿ ಗಾಲಿಕುರ್ಚಿಯಲ್ಲಿ ಕೂತ 16 ಜನ ಬಿಲ್ಲುಬಾಣದ ಸ್ಪರ್ಧೆ ಆಡಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದ.

ಎರಡು ಗಂಟೆಗೊಮ್ಮೆ ಯಾಕೆ? ನಾವು ನಿದ್ದೆಯಲ್ಲೇ ಮಗ್ಗುಲು ಬದಲಿಸುತ್ತೇವೆ, ನಮಗೆ ಗೊತ್ತೇ ಆಗುವುದಿಲ್ಲ. ಸ್ಪರ್ಶ ಹೋದವನಿಗೆ ಒತ್ತಿದ್ದು ಗೊತ್ತಾಗುವುದಿಲ್ಲ. ಒತ್ತಿದ ಜಾಗಕ್ಕೆ ರಕ್ತ ಹೋಗುವುದಿಲ್ಲ. ಕೆಲವೇ ಗಂಟೆಯಲ್ಲಿ ಮಾಂಸ ಸಾಯಲಿಕ್ಕೆ ಶುರುವಾಗುತ್ತದೆ. ನೋವು ಎಂಬುದು ದೇವರು ಕೊಟ್ಟ ಕಾವಲುಗಾರ. ಅವನು ಹೋದ ಮನೆಗೆ ಇನ್ನೊಬ್ಬರು ಕಾವಲು ಕೂರಬೇಕು.

ಇಲ್ಲಿಯೇ ನನಗೆ ಒಂದು ದೊಡ್ಡ ಸಂಶಯ ಬಂದದ್ದು. ರಾತ್ರಿ ಎರಡು ಗಂಟೆಗೆ ಬಂದು ಮಗ್ಗುಲು ಬದಲಿಸುವ ನರ್ಸಮ್ಮನಿಗೆ ಆ ಹೊತ್ತಿನಲ್ಲಿ ಕರುಣೆ ಉಕ್ಕುತ್ತದಾ? ಉಕ್ಕಲಿಕ್ಕಿಲ್ಲ. ಅವಳಿಗೆ ನಿದ್ದೆ ಬರುತ್ತಾ ಇರಬಹುದು, ಮನೆಯಲ್ಲಿ ಮಗುವಿಗೆ ಜ್ವರ ಇರಬಹುದು. ಚೀಟಿಯಲ್ಲಿ ಎರಡು ಗಂಟೆ ಎಂದು ಬರೆದಿದೆ, ಬರುತ್ತಾಳೆ. ಹಾಗಾದರೆ ಅದು ಬರೀ ಸಂಬಳದ ಕೆಲಸ, ಧರ್ಮ ಅಲ್ಲ ಎನ್ನಬಹುದಾ? ನಾನು ಪಾಡ್ದನ ಹೇಳುವವನು, ನನ್ನ ಕಸುಬಿನಿಂದಲೇ ಉತ್ತರ ಹುಡುಕಿದೆ. ರಾತ್ರಿಯಿಡೀ ಹಾಡುವಾಗ ಬೆಳಗಿನ ಜಾವಕ್ಕೆ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ಕಣ್ಣು ಮುಚ್ಚುತ್ತದೆ. ಆದರೆ ತೆಂಬರೆಯ ಮೇಲಿನ ಕೈ ನಿಲ್ಲುವುದಿಲ್ಲ. ಕೈ ನಿಲ್ಲದ ಕಾರಣ ಹಾಡು ಉಳಿಯುತ್ತದೆ, ಹಾಡು ಉಳಿದ ಕಾರಣ ಸ್ವಲ್ಪ ಹೊತ್ತಿನಲ್ಲಿ ಮನಸ್ಸೂ ಹಿಂದೆ ಬರುತ್ತದೆ. ಮನಸ್ಸು ಬಂದಾಗ ಮಾತ್ರ ಬಾರಿಸುತ್ತೇನೆ ಎಂದರೆ ಬೆಳಗಾಗುವುದರ ಒಳಗೆ ಕೋಲವೇ ನಿಲ್ಲುತ್ತಿತ್ತು. ಒಳ್ಳೆಯ ಬೆನ್ನುಹುರಿ ಆಸ್ಪತ್ರೆ ಎಂದರೆ ಕರುಣೆಯನ್ನು ಕೈಗೆ ಅಭ್ಯಾಸ ಮಾಡಿಸಿದ ಜಾಗ. ಯಾರ ಮನಸ್ಸು ಇವತ್ತು ಹೇಗಿದೆ ಎಂಬುದರ ಮೇಲೆ ರೋಗಿಯ ಚರ್ಮ ನಿಂತಿರಬಾರದು.

ಮನೆಯಲ್ಲಿ ಅದು ನಿಂತಿರುತ್ತದೆ. ನಮ್ಮ ಬದಿಯಲ್ಲಿ ಒಬ್ಬ ಹುಡುಗ ಬಿದ್ದು ಈಗ ಹನ್ನೊಂದು ವರ್ಷ. ಆಗ ಅವನಿಗೆ ಇಪ್ಪತ್ತಾರು. ಮೊದಲ ತಿಂಗಳು ಮನೆ ತುಂಬ ಜನ, ಕಿತ್ತಳೆ, ಬ್ರೆಡ್ಡು, ಹಾರ್ಲಿಕ್ಸ್ ಇಡಲಿಕ್ಕೆ ಜಾಗ ಇರಲಿಲ್ಲ. ಆರನೆಯ ತಿಂಗಳಿಗೆ ತಾಯಿ ಮಾತ್ರ. ಅವರಿಗೆ ಅಲಾರಾಂ ಬೇಡ, ಎರಡು ಗಂಟೆಗೊಮ್ಮೆ ಎಚ್ಚರ ತಾನಾಗಿ ಆಗುತ್ತದೆ. ಹನ್ನೊಂದು ವರ್ಷದ ರಾತ್ರಿಗಳನ್ನು ಲೆಕ್ಕ ಹಾಕಿದರೆ ನಾಲ್ಕು ಸಾವಿರ ದಾಟಿತು. ನಮ್ಮ ಪಾಡ್ದನಗಳಲ್ಲಿ ವೀರರೆಲ್ಲ ಒಂದೇ ಕ್ಷಣದಲ್ಲಿ ಕಾಯ ಬಿಟ್ಟು ಮಾಯಕ್ಕೆ ಸಲ್ಲುತ್ತಾರೆ. ನಾಲ್ಕು ಸಾವಿರ ರಾತ್ರಿ ಎದ್ದವಳ ಮೇಲೆ ಒಂದು ಪಾಡ್ದನ ನಾನು ಎಲ್ಲಿಯೂ ಕೇಳಿಲ್ಲ. ಕೇರಳ ಸರಕಾರ ಇಂಥವರಿಗೆ ಆಶ್ವಾಸಕಿರಣಂ ಎಂಬ ಹೆಸರಿನಲ್ಲಿ ತಿಂಗಳಿಗೆ 600 ರೂಪಾಯಿ ಇಟ್ಟಿತು. ಪಂಚಾಯತಿನ ಪಾಲಿಯೇಟಿವ್ ನರ್ಸು ಮನೆಗೇ ಬಂದು ಟ್ಯೂಬು ಬದಲಿಸಿ ಹುಣ್ಣು ನೋಡಿ ಹೋಗುತ್ತಾರೆ, ಅದು ನಮ್ಮ ರಾಜ್ಯದ ಮಾನದ ಕೆಲಸ, ಒಪ್ಪಬೇಕು. ಆದರೆ ನರ್ಸು ಬರುವುದು ಹಗಲಿನಲ್ಲಿ.

ಧನಿಗಳ ವಿಷಯವನ್ನೂ ಹೇಳಿಬಿಡುತ್ತೇನೆ, ನನಗೂ ಸ್ವಲ್ಪ ತೋಟ ಇರುವ ಕಾರಣ ಹೇಳುವ ಹಕ್ಕು ಉಂಟು. ಮರ ಹತ್ತುವವನು ಇವತ್ತು ನಮ್ಮಲ್ಲಿ, ನಾಳೆ ಆಚೆಯವರಲ್ಲಿ. ಬಿದ್ದದ್ದು ಯಾರ ತೋಟದಲ್ಲೋ ಅವರದ್ದು ಖರ್ಚು ಎಂದು ಉಳಿದವರು ನೆಮ್ಮದಿಯಾಗಿರುತ್ತಾರೆ. ಅವನ ಬೆನ್ನಿನ ಮೇಲೆ ಹತ್ತು ತೋಟದ ಫಸಲು ಇಳಿದದ್ದು. ಬೆನ್ನು ಮುರಿದಾಗ ಒಂದೇ ತೋಟದ ಲೆಕ್ಕ ಹೇಗೆ ಆಗುತ್ತದೆ? ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರಸುರಕ್ಷಾ ಎಂಬ ವಿಮೆ ಉಂಟು. ಕೂಲಿಯ ಒಟ್ಟಿಗೆ ವಿಮೆಯ ಕಂತಿಗೂ ನಾಲ್ಕು ಕಾಸು ಹಾಕುವುದು ಧರ್ಮ ಅಲ್ಲ, ಸಾಲ ತೀರಿಸುವುದು.

ಇನ್ನು ಆಸ್ಪತ್ರೆಯ ದಾರಿ. ನಮಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಮೊದಲಿನಿಂದಲೂ ಹಾಗೆಯೇ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ತಲಪಾಡಿಯಲ್ಲಿ ದಾರಿ ಮುಚ್ಚಿತು, ಒಳದಾರಿಗಳಿಗೆ ಮಣ್ಣಿನ ರಾಶಿ ಬಿತ್ತು. ಮಂಗಳೂರಿಗೆ ಹೋಗಲಾಗದೆ ನಮ್ಮ ಜಿಲ್ಲೆಯ ಕೆಲವರು ತೀರಿಕೊಂಡರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ರೋಗಿಗಳ ವಾಹನಕ್ಕೆ ದಾರಿ ಬಿಡಿಸಬೇಕು ಎಂದಿತು, ಸುಪ್ರೀಂ ಕೋರ್ಟಿನವರೆಗೆ ಮಾತು ಹೋಯಿತು. ಮಣ್ಣು ಹಾಕಿದವರಿಗೂ ತಮ್ಮ ಊರನ್ನು ಉಳಿಸಬೇಕು ಎಂಬ ಒಳ್ಳೆ ಮನಸ್ಸೇ ಇದ್ದೀತು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ಆ ಕಟ್ಟಡದಲ್ಲಿ ಆಸ್ಪತ್ರೆ ಎಂದು ಬಾಗಿಲು ತೆರೆದದ್ದು 2020ರ ಆ ಏಪ್ರಿಲಿನಲ್ಲಿ.

ಬೆನ್ನುಹುರಿಯವರಿಗೆ ಎಂದೇ ಇರುವ ಜಾಗ ನಮ್ಮ ಸೀಮೆಯಲ್ಲಿ ಇಲ್ಲ ಎಂದಲ್ಲ. ಕೊಕ್ಕಡದ ಹತ್ತಿರ ಸೌತಡ್ಕದಲ್ಲಿ, ಗುಡಿಯಿಲ್ಲದೆ ಬಯಲಿನಲ್ಲೇ ಕೂತ ಗಣಪತಿಯ ಊರಿನಲ್ಲಿ, ಕನ್ಯಾಡಿಯ ಸೇವಾಭಾರತಿಯವರು 2018ರಲ್ಲಿ ಸೇವಾಧಾಮ ಎಂಬ ಪುನಶ್ಚೇತನ ಕೇಂದ್ರ ತೆರೆದಿದ್ದಾರೆ. ಅದನ್ನು ಕಟ್ಟಿದ ವಿನಾಯಕ ರಾಯರೇ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿರುವವರು. ವೆಲ್ಲೂರಿನಲ್ಲಿ ಇಂಥ ಚಿಕಿತ್ಸೆಗೆ ಅಡಿಪಾಯ ಹಾಕಿದ ಡಾಕ್ಟರ್ ಮೇರಿ ವರ್ಗೀಸ್ ನಮ್ಮ ಕೇರಳದವರು, ಕೊಚ್ಚಿ ಹತ್ತಿರದ ಚೆರಾಯಿಯಲ್ಲಿ ಹುಟ್ಟಿದವರು. 1954ರಲ್ಲಿ ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈ ಆಪರೇಷನ್ ಮಾಡಿದರು, ಪರದೇಶಕ್ಕೆ ಹೋಗಿ ಕಲಿತು ಬಂದರು, 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ಇವರಿಬ್ಬರನ್ನೂ ಯಾರೋ ಪಾಪ ಎನ್ನುತ್ತಾ ಕೂತಿದ್ದರೆ ಇದೆಲ್ಲ ಆಗುತ್ತಿರಲಿಲ್ಲ.

ತಾಳಮದ್ದಳೆ ಕೇಳುವ ನಮಗೆ ಶರಶಯ್ಯೆಯ ಭೀಷ್ಮ ಗೊತ್ತುಂಟು. 58 ರಾತ್ರಿ ಅಲ್ಲಾಡದೆ ಮಲಗಿದ. (ಬೆನ್ನಿನ ಹುಣ್ಣಿನ ವಿಷಯ ವ್ಯಾಸರು ಬರೆಯಲಿಲ್ಲ, ಇರಲಿ.) ತಲೆಗೆ ದಿಂಬು ಬೇಕು ಎಂದಾಗ ಬೇರೆ ರಾಜರೆಲ್ಲ ಮೆತ್ತನೆಯ ದಿಂಬು ತಂದರು, ಭೀಷ್ಮ ಬೇಡ ಎಂದ. ಮುದುಕನಿಗೆ ಏನು ಬೇಕು ಎಂದು ತಿಳಿದು ಬಾಣದ ದಿಂಬು ಕೊಟ್ಟವನು ಅರ್ಜುನ. ಆಮೇಲೆ ಯುದ್ಧ ಮುಗಿದು ಧರ್ಮರಾಯ ಹೋದದ್ದು ಕಿತ್ತಳೆ ಹಿಡಿದುಕೊಂಡು ಅಲ್ಲ, ಪ್ರಶ್ನೆ ಹಿಡಿದುಕೊಂಡು. ಮಲಗಿದವನಲ್ಲಿ ಕೇಳಲಿಕ್ಕೆ ಏನಾದರೂ ಇದೆ ಎಂದು ಅವನಿಗೆ ಅನಿಸಿತು. ನಮ್ಮ ಹುಡುಗನಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ, ಅವನ ವಿಷಯವನ್ನೂ ತಾಯಿಯಲ್ಲೇ ಕೇಳುತ್ತಾರೆ, ಅವನ ಎದುರಿನಲ್ಲೇ, ಊಟ ಮಾಡಿದನಾ ಎಂದು.

ಈ ಬರಹಕ್ಕೆ ಏನು ಸೇರಿಸಬೇಕು ಎಂದು ನಾನು ಅವನಲ್ಲೇ ಕೇಳಿದೆ. ಅವನು ಹೇಳಿದ, "ಮಾವ, ವಾಚನಾಲಯದ ಎದುರು ಮೂರು ಮೆಟ್ಟಿಲು ಉಂಟಲ್ಲ, ಅದನ್ನು ಬರೆಯಿರಿ. ನನ್ನನ್ನು ಎತ್ತಿಕೊಂಡು ಹೋಗಲಿಕ್ಕೆ ಜನ ಬರುತ್ತಾರೆ. ಆದರೆ ಪೇಪರ್ ಓದಲಿಕ್ಕೆ ದಿನಾ ನಾಲ್ಕು ಜನರನ್ನು ಕರೆಯುವುದು ಹೇಗೆ?"

ಮೇಸ್ತ್ರಿಯಲ್ಲಿ ವಿಚಾರಿಸಿದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕಂತೆ, ಅದಕ್ಕಿಂತ ಕಡಿದಾದರೆ ಕುರ್ಚಿಯನ್ನು ಒಬ್ಬನೇ ದೂಡಿಕೊಂಡು ಹತ್ತಲಿಕ್ಕೆ ಆಗುವುದಿಲ್ಲ. ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿ. ಹದಿನೆಂಟು ಅಡಿ ಆಯಿತು. ಗೇಟಿನಿಂದ ಬಾಗಿಲಿಗೆ ಇಪ್ಪತ್ತೆರಡು ಅಡಿ ಜಾಗ ಉಂಟು, ನಾನೇ ಅಳೆದು ನೋಡಿದ್ದೇನೆ.