ಕೇಳುವವರಿದ್ದರೆ ಆತ್ಮವಿಶ್ವಾಸ

ಜರ್ಮನಿಯಲ್ಲಿ ನರ್ಸ್ ಆಗಬೇಕೆಂದು ಬೆಂಗಳೂರು, ಮಂಗಳೂರುಗಳಲ್ಲಿ ಜರ್ಮನ್ ಕ್ಲಾಸಿಗೆ ಹೋಗುವವರಿಗೆ ವ್ಯಾಕರಣದ ಜೊತೆಗೆ ಒಂದು ಉಪದೇಶವೂ ಪುಕ್ಕಟೆ ಸಿಗುತ್ತದೆ: ನಿಮ್ಮ ಮೇಲೆ ನಿಮಗೆ ನಂಬಿಕೆಯಿರಲಿ, ಉಳಿದದ್ದು ತಾನಾಗಿ ಬರುತ್ತದೆ. ಅಲ್ಲಿ ತಾನಾಗಿ ಬರುವಂಥದ್ದೇನೂ ಇಲ್ಲ. ನರ್ಸ್ ಎಂದು ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಭಾಷಾ ಪರೀಕ್ಷೆಯ ಬಿ2 ಹಂತ ಮುಟ್ಟಬೇಕು. ನಾಲ್ಕು ವಿಭಕ್ತಿಗಳಿಗೆ ಕನ್ನಡದವರು ಹೆದರಬೇಕಿಲ್ಲ. ಉಪವಾಕ್ಯದ ಕೊನೆಗೆ ಹೋಗಿ ಕೂರುವ ಕ್ರಿಯಾಪದವೂ ನಮಗೆ ಹೊಸದಲ್ಲ. ಆದರೆ ಮೇಜು ಗಂಡು, ದೀಪ ಹೆಣ್ಣು, ಹುಡುಗಿ ಮಾತ್ರ ನಪುಂಸಕ ಎನ್ನುವ ಲಿಂಗವ್ಯವಸ್ಥೆಯನ್ನು ಯಾವ ಆತ್ಮವಿಶ್ವಾಸವೂ ಊಹಿಸಿ ಹೇಳಲಾರದು. ಅದನ್ನು ಉರು ಹೊಡೆಯಬೇಕು.

ಹಾಗೆಂದು ನಂಬಿಕೆಯೇ ಬೇಡವೆಂದಲ್ಲ. ಉರು ಹೊಡೆಯಲು ಕೂರಬೇಕಾದರೂ ಫಲ ಸಿಕ್ಕೀತೆಂಬ ಭರವಸೆ ಬೇಕು. ಆ ಭರವಸೆ ಹುಟ್ಟುವುದೆಲ್ಲಿ? ಕಲಿಯುವವರ ಎದೆಯೊಳಗೆ ಎನ್ನುತ್ತಾರೆ ಪ್ರೇರಣಾ ಭಾಷಣಕಾರರು. ಕಲಿಯುವವರಿಗೂ ಕೇಳುವವರಿಗೂ ನಡುವೆ ಎಂಬುದು ನನ್ನ ವಾದ.

‘ನನ್ನಿಂದ ಇದಾಗುತ್ತದೆ’ ಎಂಬ ಭಾವನೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ. 1977ರ ಲೇಖನದಲ್ಲಿ ಅವರು ಅದರ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರು ಗೆದ್ದದ್ದನ್ನು ಕಂಡದ್ದು, ಬೇರೆಯವರ ಪ್ರೋತ್ಸಾಹದ ಮಾತು, ಮೈಮನಸ್ಸಿನ ಆ ಹೊತ್ತಿನ ಸ್ಥಿತಿ. ಇವುಗಳಲ್ಲಿ ಗಟ್ಟಿಯಾದದ್ದು ಮೊದಲನೆಯದು. ಬರೀ ಮಾತಿನಿಂದ ಬಂದ ಹುರುಪು ಸೋಲು ಎದುರಾದರೆ ಬಹಳ ಹೊತ್ತು ನಿಲ್ಲದು. ಎಂದರೆ ಮೊದಲು ಒಂದು ಚಿಕ್ಕ ಗೆಲುವು, ಆಮೇಲೆ ನಂಬಿಕೆ, ಆ ನಂಬಿಕೆಯ ಬಲದಿಂದ ಇನ್ನೊಂದು ಪ್ರಯತ್ನ. ಕ್ಲಾಸಿನ ಉಪದೇಶ ಈ ಸರಣಿಯನ್ನು ತಲೆಕೆಳಗು ಮಾಡುತ್ತದೆ.

ಆದರೆ ಭಾಷೆಯಲ್ಲಿ ಗೆಲುವು ಎಂದರೇನು? ಈಜು ಕಲಿತವನಿಗೆ ದಡ ಮುಟ್ಟಿದ್ದೇ ಸಾಕ್ಷಿ. ದಡ ಬೇಸರಪಟ್ಟುಕೊಂಡು ಎದ್ದು ಹೋಗುವುದಿಲ್ಲ. ಮಾತು ಮಾತ್ರ ಆಡಿದಲ್ಲಿಗೆ ಮುಗಿಯುವುದಿಲ್ಲ, ಎದುರಿನವರಿಗೆ ತಿಳಿದಲ್ಲಿ ಮುಗಿಯುತ್ತದೆ. ವಾಕ್ಯ ಸರಿಯಿದ್ದೂ ಕೇಳುವವರು ಮುಖ ತಿರುಗಿಸಿದರೆ ಅದು ಸೋಲು. ಹತ್ತು ತಪ್ಪಿದ್ದೂ ಅವರು ತಾಳ್ಮೆಯಿಂದ ಕೇಳಿ ಉತ್ತರ ಕೊಟ್ಟರೆ ಅದು ಗೆಲುವು. ಆತ್ಮವಿಶ್ವಾಸದ ಮುಖ್ಯ ಬಂಡವಾಳವೇ ಹೀಗೆ ಇನ್ನೊಬ್ಬರ ಕೈಯಲ್ಲಿದೆ.

ಇನ್ನೂ ಒಂದು ತೊಡಕಿದೆ. ನಮ್ಮ ವಾರ್ಡಿನಲ್ಲಿ ಗಾಬರಿಯಾದ ರೋಗಿಯನ್ನು ಎರಡೇ ಮಾತಿನಲ್ಲಿ ಸಮಾಧಾನಪಡಿಸಬಲ್ಲ ಅನುಭವಿ ನರ್ಸ್, ಜರ್ಮನ್‌ನಲ್ಲಿ ನೀರು ಬೇಕೇ ಎಂದು ಕೇಳಲೂ ತಡವರಿಸುತ್ತಾಳೆ. ಅವಳ ಜಾಣ್ಮೆ, ಹಾಸ್ಯ, ಅಂತಃಕರಣ ಯಾವುದೂ ಹೊರಗೆ ಕಾಣುವುದಿಲ್ಲ. ವಿದೇಶಿ ಭಾಷೆಯ ತರಗತಿಯ ಆತಂಕ ಬೇರೆ ಪರೀಕ್ಷೆಗಳ ಆತಂಕದಂಥದಲ್ಲ, ಅದು ತನ್ನದೇ ಬಗೆಯದು ಎಂದು ಸಂಶೋಧಕಿ ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ ವಾದಿಸಿದ್ದು ಈ ಕಾರಣಕ್ಕೇ. ನಿನ್ನನ್ನು ನೀನು ನಂಬು ಎನ್ನುತ್ತೇವೆ. ಆ ಭಾಷೆಯಲ್ಲಿ ಅವಳ ‘ನಾನು’ ಇನ್ನೂ ಹುಟ್ಟಿಯೇ ಇಲ್ಲ. ಮುಂದೆ ತಾನು ಏನಾಗಬೇಕೆಂಬ ಚಿತ್ರವೇ ಕಲಿಕೆಗೆ ಸೆಳೆತ ಎಂದರು ಹಂಗೇರಿ ಮೂಲದ ಭಾಷಾ ಸಂಶೋಧಕ ಝೋಲ್ಟಾನ್ ಡೋರ್ನ್ಯೆ. ಒಪ್ಪುವ ಮಾತು. ಆದರೆ ಆ ಚಿತ್ರದಲ್ಲಿ ಅವಳು ಒಬ್ಬಳೇ ನಿಂತಿರುವುದಿಲ್ಲ, ಯಾರೊಡನೆಯೋ ಮಾತಾಡುತ್ತಿರುತ್ತಾಳೆ.

ಆ ‘ಯಾರೋ’ ಕೈಕೊಟ್ಟರೆ ಏನಾಗುತ್ತದೆಂಬುದಕ್ಕೆ ಝುಂಪಾ ಲಾಹಿರಿಯವರ ಅನುಭವ ನೋಡಿ. 2000ದಲ್ಲಿ ಪುಲಿಟ್ಜರ್ ಪಡೆದ ಈ ಇಂಗ್ಲಿಷ್ ಲೇಖಕಿ ಯಾವ ಲಾಭದ ಹಂಗೂ ಇಲ್ಲದೆ ಇಟಾಲಿಯನ್ ಕಲಿತರು, 2012ರಲ್ಲಿ ರೋಮಿಗೆ ಹೋಗಿ ನೆಲೆಸಿದರು, 2015ರಲ್ಲಿ ಆ ಭಾಷೆಯಲ್ಲೇ ಪುಸ್ತಕ ಪ್ರಕಟಿಸಿದರು. ಸಂಕಲ್ಪಕ್ಕೆ ಕೊರತೆಯಿರಲಿಲ್ಲ, ಸಾಧನೆಗೂ. ಆದರೂ ಸಲೆರ್ನೋ ಊರಿನ ಅಂಗಡಿಯೊಂದರಲ್ಲಿ ಮಾರಾಟಗಾರ್ತಿ ಇಟಾಲಿಯನ್ನನೆಂದು ಭಾವಿಸಿದ್ದು ಅವರ ಗಂಡನನ್ನು. ಆತನ ಇಟಾಲಿಯನ್ ಇವರಷ್ಟು ಚೆನ್ನಾಗಿರಲಿಲ್ಲ. ಮುಖ, ಹೆಸರು ಮಾತ್ರ ಅಲ್ಲಿಯವರಂತಿದ್ದವು. ಇದನ್ನು ನೋವಿನಿಂದ ಬರೆದ ಲಾಹಿರಿ ಛಲ ಬಿಡಲಿಲ್ಲ ನಿಜ. ಆದರೆ ಅಷ್ಟು ಹೆಸರಿದ್ದವರನ್ನೇ ಅಲ್ಲಾಡಿಸಿದ ಪೆಟ್ಟು, ಸಂಬಳಕ್ಕಾಗಿ ಪರದೇಶಕ್ಕೆ ಹೋದವರನ್ನು ಬಿಟ್ಟೀತೇ?

ಕೇಳುವವರು ಸಿಕ್ಕರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ಕಲಿಯುವವರ ಪ್ರೇರಣೆಯನ್ನು ಕೆನಡಾದ ಮನೋವಿಜ್ಞಾನಿಗಳಾದ ಗಾರ್ಡ್ನರ್ ಮತ್ತು ಲ್ಯಾಂಬರ್ಟ್ ಎರಡಾಗಿ ವಿಂಗಡಿಸಿದ್ದರು: ಉಪಯೋಗಕ್ಕಾಗಿ ಕಲಿಯುವುದು, ಆ ಜನರೊಡನೆ ಬೆರೆಯಲು ಕಲಿಯುವುದು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್‌ಗೆ ಕನ್ನಡ ಬೇಕಾಗಿದ್ದದ್ದು ಧರ್ಮಪ್ರಚಾರಕ್ಕೆ, ಅಂದರೆ ಉಪಯೋಗಕ್ಕೆ. ಆದರೆ ಧರ್ಮಪ್ರಚಾರಕ್ಕೆ ಕೇಶಿರಾಜನ ವ್ಯಾಕರಣ ಬೇಕಿರಲಿಲ್ಲ. ಕಿಟ್ಟೆಲ್ 1872ರಲ್ಲಿ ಆ ವ್ಯಾಕರಣವನ್ನೇ, ‘ಶಬ್ದಮಣಿದರ್ಪಣ’ವನ್ನು, ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಹೊರತಂದರು. ಬಂದ ಉದ್ದೇಶವೇ ಬೇರೆ, ಕೊನೆತನಕ ಹಿಡಿದಿಟ್ಟ ಉದ್ದೇಶವೇ ಬೇರೆ. ನಡುವೆ ಇದ್ದವರು ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಕನ್ನಡದ ಪಂಡಿತರು, ಊರುಗಳ ಜನ. ಹಾಗಾಗಿ ಶುರುವಿನಲ್ಲೇ ಉದಾತ್ತ ಪ್ರೇರಣೆ ಇರಬೇಕೆಂದೇನೂ ಇಲ್ಲ. ಸಂಬಳಕ್ಕಾಗಿ ಶುರುವಾದ ಕಲಿಕೆಯೂ ಒಳ್ಳೆಯ ಒಡನಾಟ ಸಿಕ್ಕರೆ ಪ್ರೀತಿಯಾಗಬಹುದು.

ಹಾಗಾದರೆ ಒಂಟಿಯಾಗಿ ಪುಸ್ತಕ ಹಿಡಿದು ಕಲಿತವರಿಲ್ಲವೇ ಎಂದು ಕೇಳಬಹುದು. ಇದ್ದಾರೆ, ಆದರೆ ಅವರು ಮುಖ್ಯವಾಗಿ ಓದಲು ಕಲಿತವರು. ಪುಸ್ತಕ ಅವಸರಪಡಿಸುವುದಿಲ್ಲ, ನಗುವುದೂ ಇಲ್ಲ. ಇನ್ನು ಬೆಂಗಳೂರಿನ ರಸೆಲ್ ಮಾರ್ಕೆಟ್ಟಿನಲ್ಲಿ ನಾಲ್ಕು ಭಾಷೆಗಳಲ್ಲಿ ವ್ಯಾಪಾರ ಕುದುರಿಸುವವರಿಗೆ ಆತ್ಮವಿಶ್ವಾಸದ ಪಾಠ ಯಾರೂ ಹೇಳಿರಲಿಲ್ಲ. ಗಿರಾಕಿಗೆ ಮೀನು ಬೇಕು, ಇವರಿಗೆ ದುಡ್ಡು ಬೇಕು. ಗರಜು ಎರಡೂ ಕಡೆ ಇರುವುದರಿಂದ ತಪ್ಪು ಮಾತಿಗೂ ಉತ್ತರ ಸಿಗುತ್ತದೆ.

ಆದರೆ ಕೇಳುವ ಕಿವಿಗಳಲ್ಲೂ ಪಕ್ಷಪಾತವಿದೆ. ಯುರೋಪಿನವನು ‘ನಮಸ್ಕಾರ, ಚೆನ್ನಾಗಿದ್ದೀರಾ’ ಎಂದರೆ ನಾವು ವಿಡಿಯೋ ಮಾಡಿ ಊರಿಗೆಲ್ಲ ಹಂಚುತ್ತೇವೆ. ಬಿಹಾರದಿಂದ ಬಂದ ಕಟ್ಟಡ ಕಾರ್ಮಿಕ ಅದಕ್ಕಿಂತ ಹೆಚ್ಚು ಕನ್ನಡ ಆಡಿದರೂ ಹಿಂದಿಯಲ್ಲಿ ಉತ್ತರ ಕೊಟ್ಟು ಕಳಿಸುತ್ತೇವೆ. ಉಪಕಾರವೆಂದೇ ಹಾಗೆ ಮಾಡಬಹುದು. ಆದರೆ ಅವನ ಪ್ರಯತ್ನ ಬೇಕಿರಲಿಲ್ಲವೆಂದು ಆ ಉತ್ತರವೇ ಹೇಳಿಬಿಡುತ್ತದೆ. ಆಮೇಲೆ ಇವರಿಗೆ ಕನ್ನಡ ಕಲಿಯುವ ಮನಸ್ಸೇ ಇಲ್ಲ ಎಂದು ದೂರುವವರೂ ನಾವೇ. ಮನಸ್ಸಿಲ್ಲದವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಮನಸ್ಸು ಮಾಡಿದವನಿಗೆ ಅರ್ಧ ನಿಮಿಷ ಕೊಡದವರಿಗೆ ಆ ದೂರು ಹೇಳುವ ಹಕ್ಕಿಲ್ಲ.

ಭಾಷೆ ಕಲಿಯುವ ಶ್ರಮ ಕಲಿಯುವವರದೇ. ಲಿಂಗ, ವಿಭಕ್ತಿಗಳನ್ನು ಅವರ ಬದಲು ಇನ್ನಾರೂ ಉರು ಹೊಡೆಯಲಾರರು. ಆದರೆ ಆತ್ಮವಿಶ್ವಾಸದ ಹೊಣೆಯನ್ನೂ ಅವರ ತಲೆಗೇ ಕಟ್ಟುವುದು ಅನ್ಯಾಯ. ಜರ್ಮನ್ ಕಲಿಸುವವರು ಘೋಷಣೆ ಬಿಟ್ಟು, ಮೊದಲ ವಾರದಿಂದಲೇ ತಪ್ಪು ಜರ್ಮನ್‌ಗೂ ಜರ್ಮನ್‌ನಲ್ಲೇ ಉತ್ತರ ಸಿಗುವ ಮಾತುಕತೆ ಏರ್ಪಡಿಸಲಿ. ನರ್ಸುಗಳನ್ನು ಕರೆಸಿಕೊಳ್ಳುವ ದೇಶ ತನ್ನ ವಾರ್ಡುಗಳಿಗೂ ಅಷ್ಟು ತಾಳ್ಮೆ ಕಲಿಸಲಿ. ನಮ್ಮ ಪಾಲಿನ ಕೆಲಸ ಇನ್ನೂ ಸುಲಭ: ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲೇ, ಸ್ವಲ್ಪ ನಿಧಾನವಾಗಿ, ಉತ್ತರ ಕೊಡುವುದು.