ನೆರಳಿನ ದಾಸೋಹ



ದಾಸೋಹವೆಂದೊಡನೆ ಗೃಹಸ್ಥರಾದ ನಮ್ಮ ಮನಸ್ಸು ಅನ್ನದ ಕಡೆಗೇ ಹರಿಯುವುದು. ಅನ್ನದಾಸೋಹವು ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಳ್ಳದ್ದನ್ನು ತನ್ನದೆನ್ನದೆ ಜಂಗಮಕ್ಕೆ ಸಲ್ಲಿಸುವುದೇ ದಾಸೋಹವಾದರೆ ನೆರಳೂ ಅದರಲ್ಲಿ ಸೇರಬೇಕಲ್ಲವೆ? ಗಂಡಸಿಯ ಸುತ್ತಣ ತೆಂಗಿನ ತೋಟಗಳಲ್ಲಿ ಬಾಳುವ ನಮಗೆ ನೆರಳು ಹಂಚಬೇಕಾದ ಪದಾರ್ಥವೆಂದೇ ತೋರುವುದಿಲ್ಲ. ಅದರ ಬೆಲೆ ತಿಳಿಯುವುದು ನಗರಕ್ಕೆ ಹೋದಾಗ.

ಕಳೆದ ಬೇಸಗೆಯಲ್ಲಿ ಬೆಂಗಳೂರಿನ ನಮ್ಮ ಬಂಧುಗಳೊಬ್ಬರ ಮನೆಗೆ ಹೋಗಿದ್ದೆನು. ಬಾಗಿಲ ಮುಂದೆ, ಬೀದಿಯಂಚಿನಲ್ಲಿದ್ದ ಹೊಂಗೆಯ ಮರವು ಕಾಣಲಿಲ್ಲ. ಕಾರು ಒಳಬರಲು ಅಡ್ಡಿಯೆಂದು ಕಡಿಸಿದ್ದರಂತೆ. ಅದರ ಬುಡದಲ್ಲಿ ಸೊಪ್ಪು ಮಾರುತ್ತಿದ್ದ ಮುದುಕಿಯು ಅದೇ ಸ್ಥಳದಲ್ಲಿ ಹರಿದ ಕೊಡೆಯೊಂದನ್ನು ಹಿಡಿದು ಕುಳಿತಿದ್ದಳು. ಕೊಡೆಯ ನೆರಳನ್ನು ಸೊಪ್ಪಿಗೆ ಕೊಟ್ಟು ತಾನು ಬಿಸಿಲಿನಲ್ಲಿದ್ದಳು. ನಾನಾದರೋ ಒಳಹೊಕ್ಕು, ಲಿಂಗಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ, ಒಂದು ಮಾತನ್ನೂ ಆಡದೆ ಹಿಂದಿರುಗಿದೆನು. ಆ ಮೌನವು ಇಂದಿಗೂ ನನ್ನನ್ನು ಬಾಧಿಸುತ್ತಿದೆ.

ಮರವೇನು ಮಾಡಬಲ್ಲುದೆಂಬುದನ್ನು ಬೆಂಗಳೂರಿನಲ್ಲಿಯೇ ಅಳೆದು ನೋಡಿದ್ದಾರೆ. ಹರಿಣಿ ನಾಗೇಂದ್ರರೂ ಅವರ ಸಂಗಡಿಗರೂ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮರಗಳಿರುವ ಬೀದಿಯ ಮಧ್ಯಾಹ್ನದ ಗಾಳಿಯು ಬೋಳುಬೀದಿಯದಕ್ಕಿಂತ 5.6 ಡಿಗ್ರಿಯವರೆಗೆ ತಂಪು. ರಸ್ತೆಯ ಮೈಯಾದರೆ 27.5 ಡಿಗ್ರಿಯವರೆಗೂ ತಂಪು. ಮೋಟಾರಿನಲ್ಲಿ ಹೋಗುವವನಿಗೆ ಇದು ಅಂಕಿ, ಬರಿಗಾಲಿನವನಿಗೆ ಅಂಗಾಲು. ಈ ತಂಪು ಯಾರ ಪಾಲಿಗೆ ಬಂದಿದೆ? ಮಲ್ಲೇಶ್ವರ, ಬಸವನಗುಡಿಗಳಂಥ ಹಳೆಯ ಬಡಾವಣೆಗಳಲ್ಲಿ ಸಾಲುಮರಗಳುಂಟು. 44 ಕೊಳೆಗೇರಿಗಳನ್ನು ಪರಿಶೀಲಿಸಿದ 2014ರ ಮತ್ತೊಂದು ಅಧ್ಯಯನವು, ಸ್ಥಿತಿವಂತರ ವಸತಿಗಳಿಗಿಂತ ಅಲ್ಲಿ ಮರಗಳು ವಿರಳವೆಂದು ತೋರಿಸಿತು. ಇರುವವುಗಳಲ್ಲಿ ನುಗ್ಗೆಯೇ ಹೆಚ್ಚು. ನೆಲವಿಲ್ಲದವರು ಬಣ್ಣದ ಡಬ್ಬಿಗಳಲ್ಲಿ, ಕೆಟ್ಟ ಸೀಮೆಎಣ್ಣೆ ಒಲೆಗಳಲ್ಲಿ ಮಣ್ಣು ತುಂಬಿ ಗಿಡ ಬೆಳೆಸಿದ್ದಾರೆ. ಆದುದರಿಂದ ಬಡವರಿಗೆ ಹಸಿರಿನ ಅಕ್ಕರೆಯಿಲ್ಲವೆಂದು ಯಾರೂ ಹೇಳದಿರಲಿ.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಬಲ್ಲಿರಿ. ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ. ತಂದೆಡೆಯಲ್ಲಿಯೇ ಸುರಿದು ಬರಲು ಹೇಳಿದರು. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ, ಆಯ್ದದ್ದು. ಆದರೂ ಹೆಚ್ಚಿನದು ಪರರ ಪಾಲೆಂದು ಆ ತಾಯಿ ಬಗೆದರು. ಜಂಗಮವೆಂಬ ಶಬ್ದಕ್ಕೆ ಚಲಿಸುವುದೆಂದೇ ಅರ್ಥ. ಬೀದಿಯ ಮರವು ನಡೆವವರದು, ಹೊರೆ ಹೊತ್ತವರದು, ಬುಟ್ಟಿ ಇಳಿಸಿ ಕುಳಿತವರದು. ಅದನ್ನು ನಮ್ಮ ವಾಹನದ ಸೌಕರ್ಯಕ್ಕೆ ಕಡಿದರೆ ಮನೆಗೆ ತಂದದ್ದು ಹೆಚ್ಚಿನ ಅಕ್ಕಿಯಲ್ಲದೆ ಮತ್ತೇನು? ಪೂಜೆಗೆ ಬಿಲ್ವಪತ್ರೆಯನ್ನು ಹುಡುಕಿಸಿ ತರಿಸುವ ಕೈಯೇ ಹೊಂಗೆಗೆ ಕೊಡಲಿ ತರಿಸುವುದು ನಮ್ಮ ಕಾಲದ ವಿಚಿತ್ರ.

ನಮ್ಮ ಸೀಮೆಯ ಅನೇಕರಿಗೆ ಈಗ ನಗರದಲ್ಲಿ ಮನೆಗಳಿವೆ. ಗೇಟಿನ ಹೊರಗೆ ಮೂರಡಿ ಮಣ್ಣನ್ನು ಸಿಮೆಂಟಿನಿಂದ ಮುಚ್ಚದೆ ಬಿಟ್ಟು, ಹೊಂಗೆಯನ್ನೋ ಬೇವನ್ನೋ ನೆಟ್ಟು, ಎರಡು ಬೇಸಗೆ ನೀರೆರೆಯುವುದು ದೊಡ್ಡ ವ್ರತವೇನಲ್ಲ. ಕೊಳೆಗೇರಿಯಲ್ಲಿ ನೆಡಿಸುವ ಪುಣ್ಯಾತ್ಮರು ಮಾತ್ರ ಅಲ್ಲಿಯವರನ್ನು ಕೇಳಿ ನೆಡಿಸಲಿ. ಅವರು ನುಗ್ಗೆ ಎಂದರೆ ನುಗ್ಗೆಯೇ ಆಗಲಿ.

ಬಂಧುಗಳಿಗೆ ತಡವಾಗಿಯಾದರೂ ಪತ್ರ ಬರೆದೆನು. ಚರಂಡಿಯವರೆಗೂ ಕಲ್ಲು ಹಾಸಿಯಾಯಿತು, ಮಣ್ಣೆಲ್ಲಿದೆ ಎಂದು ಉತ್ತರ ಬಂದಿತು. ಎರಡು ಕಲ್ಲುಗಳನ್ನು ಎಬ್ಬಿಸಿರೆಂದು ಮತ್ತೆ ಬರೆದಿದ್ದೇನೆ.